ಬ್ರೀಫ್‌ಕೇಸಿನ ಮನುಷ್ಯ ಕೃಷ್ಣನಲ್ಲ

ವಿಡಿಯೋ ಆಟಗಳ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯುವುದೇ ಎಂದು ಹುಬ್ಬೇರಿಸುವ ಹಿರಿಯರು ಕ್ಷಮಿಸಬೇಕು. ಹೊರನಾಡಿನ ನಮ್ಮ ಮನೆಗಳ ಮಕ್ಕಳಿಗೆ ಕಥೆ ಕೇಳುವ ಜಗಲಿಯೇ ಅದಾಗಿರುವಾಗ, ಅಲ್ಲಿ ಅವರು ಯಾರನ್ನು ಮೆಚ್ಚುತ್ತಾರೆ ಎಂಬುದು ಸಂಸ್ಕೃತಿಯ ಪ್ರಶ್ನೆಯೇ ಹೌದು. ‘ಹಾಫ್-ಲೈಫ್’ ಎಂಬ ಅಮೆರಿಕದ ಆಟದಲ್ಲಿ ಬರುವ ‘ಜಿ-ಮ್ಯಾನ್’ ಎಂಬ ಪಾತ್ರವನ್ನು ನಮ್ಮ ಯುವಕರು ಹಾಡಿ ಹೊಗಳುತ್ತಾರೆ. ಎಲ್ಲವನ್ನೂ ಬಲ್ಲ ಸೂತ್ರಧಾರ, ಮಹಾಭಾರತದ ಕೃಷ್ಣನಂಥವನು ಎನ್ನುವವರೂ ಇದ್ದಾರೆ. ಈ ಹೋಲಿಕೆ ತಪ್ಪು; ತಪ್ಪಷ್ಟೇ ಅಲ್ಲ, ಅಪಾಯಕಾರಿ.

ಅರಿಯದವರಿಗಾಗಿ ಎರಡು ಮಾತು. 1998ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಈ ಆಟದ ನಾಯಕ ಗಾರ್ಡನ್ ಫ್ರೀಮನ್ ಎಂಬ ಭೌತವಿಜ್ಞಾನಿ. ನ್ಯೂ ಮೆಕ್ಸಿಕೋದ ಬ್ಲ್ಯಾಕ್ ಮೆಸಾ ಸಂಶೋಧನಾಲಯದಲ್ಲಿ ಪ್ರಯೋಗವೊಂದು ಕೈಮೀರಿ ಅನ್ಯಲೋಕದ ಜೀವಿಗಳು ನುಗ್ಗುತ್ತವೆ. ಫ್ರೀಮನ್ ಜೀವ ಉಳಿಸಿಕೊಳ್ಳಲು ಹೆಣಗುತ್ತಿರುವಾಗ ಗಾಜಿನಾಚೆ, ಕೈಗೆಟುಕದ ಎತ್ತರದಲ್ಲಿ, ಸೂಟು ತೊಟ್ಟ ಸಣಕಲು ಆಸಾಮಿಯೊಬ್ಬ ನಿಂತು ನೋಡುತ್ತಿರುತ್ತಾನೆ. ಟೈ ಸರಿಪಡಿಸಿಕೊಂಡು, ಬ್ರೀಫ್‌ಕೇಸು ಹಿಡಿದು ಹೊರಟುಬಿಡುತ್ತಾನೆ. ಸುತ್ತ ಹೆಣಗಳು ಉರುಳುತ್ತಿದ್ದರೂ ಅವನ ಬಟ್ಟೆಯ ಇಸ್ತ್ರಿ ಕೆಡುವುದಿಲ್ಲ. ಕಡೆಗೊಮ್ಮೆ ಎದುರಿಗೆ ಬಂದು, ತನ್ನ ಯಜಮಾನರ ಪರವಾಗಿ ಫ್ರೀಮನ್‌ಗೆ ನೌಕರಿ ಕೊಡಮಾಡುತ್ತಾನೆ. ಒಲ್ಲೆನೆಂದರೆ ನಿರಾಯುಧನಾಗಿ ಶತ್ರುಗಳ ನಡುವೆ ಬಿಡುತ್ತಾನೆ. ಇದಕ್ಕೆ ಆಯ್ಕೆ ಎಂದು ಹೆಸರು!

ಆ ಯಜಮಾನರು ಯಾರು? 2004ರ ಎರಡನೆಯ ಆಟವೂ ಹೇಳಲಿಲ್ಲ, 2020ರ ‘ಹಾಫ್-ಲೈಫ್: ಆಲಿಕ್ಸ್’ ಕೂಡ ಹೇಳಲಿಲ್ಲ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಆಯುಷ್ಯದ ಬಹುಭಾಗ ಸವೆಸಿದ ನನಗೆ ಈ ಮನುಷ್ಯ ನಿಗೂಢನಾಗಿ ಕಾಣುವುದೇ ಇಲ್ಲ. ನಮ್ಮ ಕಡತಗಳ ಭಾಷೆಯಲ್ಲಿ ಕರ್ತೃವಿಲ್ಲ, ‘ನಿರ್ಧರಿಸಲಾಗಿದೆ’, ‘ತಿರಸ್ಕರಿಸಲಾಗಿದೆ’. ಜಿ-ಮ್ಯಾನ್ ಆ ಕರ್ಮಣಿ ಪ್ರಯೋಗಕ್ಕೆ ಬಂದ ದೇಹ. ಎರಡನೆಯ ಆಟದಲ್ಲಿ ಫ್ರೀಮನ್‌ನನ್ನು ಸುಮಾರು 20 ವರ್ಷಗಳ ನಿದ್ರೆಯಿಂದ ಎಬ್ಬಿಸಿ, ಕೆಲಸ ಮುಗಿದೊಡನೆ ಮತ್ತೆ ಎತ್ತಿಕೊಂಡು ಹೋಗುತ್ತಾನೆ. ಅವನ ಸೇವೆಗೆ ಬೇರೆಯವರಿಂದಲೂ ಕೋರಿಕೆಗಳು ಬಂದಿವೆ ಎಂದು ತಿಳಿಸುತ್ತಾನೆ. ನಾವು ಇದನ್ನೇ ಎರವಲು ಸೇವೆ ಎನ್ನುತ್ತೇವೆ. ವ್ಯತ್ಯಾಸವಿಷ್ಟೆ: 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಆ ‘ಲಾಗಿದೆ’ಯ ಹಿಂದಿನ ಸಹಿ ಯಾರದೆಂದು ಕೇಳುವ ಹಕ್ಕು ನಮ್ಮ ನಾಗರಿಕನಿಗೆ ಇದೆ. ಫ್ರೀಮನ್ ಇಡೀ ಆಟದಲ್ಲಿ ಒಂದು ಮಾತೂ ಆಡುವುದಿಲ್ಲ.

ಈಗ ಕೃಷ್ಣನ ಮಾತಿಗೆ ಬರೋಣ. ಕೃಷ್ಣನೂ ಪಗಡೆ ಕಾಯಿಗಳಂತೆ ಮನುಷ್ಯರನ್ನು ನಡೆಸಿದ, ನಿಜ. ಆದರೆ ಬಾಣಗಳ ನಡುವೆಯೇ ರಥದ ಮುಂದೆ ಕುಳಿತು ನಡೆಸಿದ. ಅರ್ಜುನ ಕೇಳಿದ್ದಕ್ಕೆಲ್ಲ ಉತ್ತರಿಸಿ, ಕೊನೆಗೆ ನಿನಗೆ ತೋಚಿದಂತೆ ಮಾಡು ಎಂದ. ಯುದ್ಧ ಮುಗಿದ ಮೇಲೆ ನೂರು ಮಕ್ಕಳನ್ನು ಕಳೆದುಕೊಂಡ ತಾಯಿಯ ಎದುರು ನಿಂತು, ಗಾಂಧಾರಿಯ ಶಾಪವನ್ನು ತಲೆಬಾಗಿ ಸ್ವೀಕರಿಸಿದ. ಜಿ-ಮ್ಯಾನ್ ಯಾವ ಗಾಂಧಾರಿಯ ಮುಂದೆ ನಿಂತಿದ್ದಾನೆ? ಬ್ಲ್ಯಾಕ್ ಮೆಸಾದ ದುರಂತಕ್ಕೆ ಕಾರಣವಾದ ಹರಳನ್ನು ತಂದುಕೊಟ್ಟವನು ಇವನೇ ಎಂಬುದು 2007ರ ಭಾಗದಲ್ಲಿ ಬಯಲಾಗುತ್ತದೆ. ಅಷ್ಟಾದರೂ ಅವನ ಮೇಲೊಂದು ವಿಚಾರಣೆಯಿಲ್ಲ.

ಮುಂದಿನ ಭಾಗದಲ್ಲಾದರೂ ಅವನ ಕುಲಗೋತ್ರ ತಿಳಿಸಲಿ ಎಂದು ಹಟ ಹಿಡಿದವರ ಬಗ್ಗೆಯೂ ನನಗೆ ಸಹಾನುಭೂತಿಯಿಲ್ಲ. ಅವನು ಮನುಷ್ಯನೋ ಅನ್ಯಲೋಕದವನೋ, ಏನು ವ್ಯತ್ಯಾಸ? ಅವನು ಯಾರಿಗೆ ಉತ್ತರದಾಯಿ ಎಂಬುದೇ ಕೇಳಬೇಕಾದ ಪ್ರಶ್ನೆ. 2020ರ ಆಟದಲ್ಲಿ ಆಲಿಕ್ಸ್ ಎಂಬ ತರುಣಿ ಅವನನ್ನು ಸೆರೆಯಿಂದ ಬಿಡಿಸುತ್ತಾಳೆ. ಭೂಮಿಯನ್ನು ಆಕ್ರಮಿಸಿರುವವರನ್ನು ತೊಲಗಿಸು ಎಂದು ಕೇಳುತ್ತಾಳೆ. ಅದು ತನ್ನ ಯಜಮಾನರ ಹಿತಕ್ಕೆ ಒಗ್ಗದೆಂದು ಅರ್ಜಿ ತಿರಸ್ಕೃತವಾಗುತ್ತದೆ. ಬದಲಿಗೆ ತಂದೆಯ ಜೀವ ಉಳಿಸುವ ಅವಕಾಶ ತೋರಿಸಿ, ಅದಕ್ಕೆ ಬೆಲೆಯಾಗಿ ಅವಳನ್ನೇ ಸೆರೆಹಿಡಿದು ಫ್ರೀಮನ್‌ನ ಜಾಗಕ್ಕೆ ನೇಮಿಸಿಕೊಳ್ಳುತ್ತಾನೆ. ಇಂಥವನ ಠೀವಿಗೆ ಮರುಳಾಗುವುದು, ನಮಗೆ ಗೊತ್ತಿಲ್ಲದ್ದು ಮೇಲಿನವರಿಗೆ ಗೊತ್ತಿರುತ್ತದೆ ಎಂದು ಕೈಮುಗಿಯುವ ಹಳೆಯ ಚಾಳಿಯೇ.

ಈ ಸರಣಿಯಲ್ಲಿ ಅವನಿಗೆ ಅಡ್ಡ ನಿಂತವರಿಲ್ಲದಿಲ್ಲ. 2006ರ ಭಾಗದಲ್ಲಿ ಅವನನ್ನು ತಡೆದು ಫ್ರೀಮನ್‌ನನ್ನು ಬಿಡಿಸಿಕೊಂಡು ಹೋಗುವವರು ವೋರ್ಟಿಗಾಂಟರು, ಒಂದು ಕಾಲಕ್ಕೆ ಗುಲಾಮರಾಗಿದ್ದವರು. ನಮ್ಮ ಯುವಕರ ಹೊಗಳಿಕೆಯಲ್ಲಿ ಅವರ ಹೆಸರನ್ನು ನಾನಿನ್ನೂ ಕೇಳಿಲ್ಲ.