ಹೋಟೆಲು ಸೇರಿದ ರಾಜಕಾರಣ

ನಮ್ಮ ಬಾಂಧವರಲ್ಲಿ ಹೆಚ್ಚಿನವರ ಅನ್ನ ಹೋಟೆಲಿನದು. ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯುವವರು, ರಾತ್ರಿ ಹನ್ನೆರಡಕ್ಕೆ ಮೇಜು ಒರಸುವವರು ನಾವು. ಬಂದ ಗಿರಾಕಿ ಹಸಿದು ಬಂದನೋ ಹೊತ್ತು ಕಳೆಯಲು ಬಂದನೋ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲೆವು. ಜನರು ಆರಿಸಿ ಕಳುಹಿಸಿದ ಶಾಸಕರು ವಾರಗಟ್ಟಲೆ ಹೋಟೆಲಿನಲ್ಲಿ ಕೂತರೆ ಅದರ ಅರ್ಥವೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2019ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿರಿ. ನಮ್ಮ ಕನ್ನಡ ನಾಡಿನ ಶಾಸಕರ ಒಂದು ತಂಡವು ರಾಜೀನಾಮೆ ಬರೆದಿಟ್ಟು, ವಿಮಾನ ಹತ್ತಿ, ಇದೇ ಮುಂಬಯಿಗೆ ಬಂದಿಳಿಯಿತು. 10ನೆಯ ತಾರೀಖಿನಂದು ಅವರನ್ನು ಕಾಣಲು ಬಂದ ಮಂತ್ರಿ ಡಿ. ಕೆ. ಶಿವಕುಮಾರರನ್ನು ಪೊವಾಯಿಯ ಹೋಟೆಲಿನ ಗೇಟಿನಲ್ಲಿಯೇ ಪೊಲೀಸರು ತಡೆದರು. ಕೋಣೆ ಕಾದಿರಿಸಿದ್ದೇನೆಂದರೂ ಬಿಡಲಿಲ್ಲ. ಅವರು ಮಳೆಯಲ್ಲಿ ಗಂಟೆಗಟ್ಟಲೆ ಹೊರಗೇ ಕುಳಿತರು. ಅದೇ ದಿನ ಕ್ರಿಕೆಟ್ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಭಾರತವು ನ್ಯೂಜಿಲೆಂಡಿಗೆ ಸೋತಿತು. ಪಾಳಿ ಮುಗಿಸಿ ಬಂದವರು ಟೀವಿಯಲ್ಲಿ ಎರಡನ್ನೂ ಒಂದೇ ಉಮೇದಿನಿಂದ ನೋಡಿದರು. ಅಲ್ಲಿಯೂ ವಿಕೆಟ್ಟು, ಇಲ್ಲಿಯೂ ವಿಕೆಟ್ಟು! ಇಂದು ಎಷ್ಟು ಬಿತ್ತು, ನಾಳೆ ಎಷ್ಟು ಬೀಳುವುದು ಎಂಬುದೇ ಮಾತು.

ಜುಲೈ 23ರಂದು ವಿಧಾನಸಭೆಯಲ್ಲಿ 99ಕ್ಕೆ 105 ಮತಗಳಿಂದ ಕುಮಾರಸ್ವಾಮಿಯವರ ಸರಕಾರ ಬಿದ್ದಿತು. ನೋಡುವವರ ಪಾಲಿಗೆ ಆಟ ಅಲ್ಲಿಗೆ ಮುಗಿಯಿತು. ನಿಜವಾದ ಲೆಕ್ಕ ಶುರುವಾದದ್ದು ಆ ಮೇಲೆ.

ಸಭಾಧ್ಯಕ್ಷರು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ಅಥಣಿ, ಗೋಕಾಕ, ಕಾಗವಾಡದವರೂ ಇದ್ದರು. ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. ಆಗಸ್ಟಿನ ಮೊದಲ ವಾರದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ದಂಡೆ ಮೀರಿದವು. ಗೋಕಾಕದ ಪೇಟೆಯೊಳಗೆ ನೀರು ನುಗ್ಗಿತು. ಅಥಣಿ ತಾಲೂಕಿನ ಹಳ್ಳಿಗಳಿಗೂ ಅದೇ ಗತಿ. ನಮ್ಮ ಎಷ್ಟೋ ಮಂದಿಯ ತಂದೆತಾಯಿಗಳು ಗಂಜಿ ಕೇಂದ್ರದಲ್ಲಿ ಮಲಗಿದರು. ಆಗ ಆ ತಾಲೂಕುಗಳಿಗೆ ಶಾಸಕರೇ ಇಲ್ಲ. ರಾಜ್ಯಕ್ಕೆ ಕಂದಾಯ ಮಂತ್ರಿ ಇಲ್ಲ, ಆರೋಗ್ಯ ಮಂತ್ರಿ ಇಲ್ಲ, ಇದ್ದವರು ಮುಖ್ಯಮಂತ್ರಿ ಒಬ್ಬರೇ. ಅವರು ನೆರೆಯ ಊರುಗಳಿಗೆ ಹೋದದ್ದು ನಿಜ. ಆದರೆ ನೂರಾರು ಹಳ್ಳಿ ಮುಳುಗಿದಾಗ ಒಬ್ಬ ಮನುಷ್ಯ ಎಲ್ಲೆಲ್ಲಿಗೆ ಓಡಿಯಾನು? ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಖಾಲಿಯಾದ 17 ಸ್ಥಾನಗಳಲ್ಲಿ 15ಕ್ಕೆ ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ. ಅನರ್ಹರಾದವರಲ್ಲಿ 11 ಮಂದಿ ಆ ಚುನಾವಣೆಯಲ್ಲಿಯೇ ಹೊಸ ಪಕ್ಷದಿಂದ ಗೆದ್ದುಬಂದರು. 2020ರ ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳೂ ಆದರು.

ಪಕ್ಷಾಂತರಕ್ಕೆ ಕಾನೂನಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. 1985ರಲ್ಲಿ ಬಂದಿತು, 2003ರಲ್ಲಿ ಬಿಗಿಯಾಯಿತು. ಸಭೆಯಲ್ಲಿ ಪಕ್ಷದ ಆಜ್ಞೆ ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ. ಆದರೆ ರಾಜೀನಾಮೆ ಕೊಟ್ಟು ಸಭೆಗೆ ಬಾರದೆ ಕೂತರೆ ಸದಸ್ಯರ ಸಂಖ್ಯೆಯೇ ಇಳಿಯುತ್ತದೆ, ಬಹುಮತದ ಗೆರೆ ಕೆಳಗೆ ಬರುತ್ತದೆ. ಆ ತನಕ ಯಾರೂ ಮನಸ್ಸು ಬದಲಿಸದಂತೆ ಕೂಡಿಹಾಕಲು ನಾಲ್ಕು ಗೋಡೆ, ಒಂದು ಗೇಟು ಬೇಕು. ಅದಕ್ಕೇ ಹೋಟೆಲು.

ಇದು ಒಂದೇ ಪಕ್ಷದ ವಿದ್ಯೆಯಲ್ಲ. 2002ರಲ್ಲಿ ಮಹಾರಾಷ್ಟ್ರದ ಕಾಂಗ್ರೆಸ್ ಶಾಸಕರನ್ನು ಬೆಂಗಳೂರಿನ ಬಳಿಯ ರಿಸಾರ್ಟಿನಲ್ಲಿ ಕಾಯ್ದವರು ಇದೇ ಶಿವಕುಮಾರರು. 2017ರಲ್ಲಿ ಗುಜರಾತಿನವರನ್ನೂ ಹಾಗೆಯೇ ಕಾಯ್ದರು. ಪೊವಾಯಿಯಲ್ಲಿ ಅವರು ಕಂಡದ್ದು ತಮಗೆ ಚೆನ್ನಾಗಿ ಗೊತ್ತಿದ್ದ ಗೇಟನ್ನೇ, ಹೊರಬದಿಯಿಂದ.

2022ರ ಜೂನಿನಲ್ಲಿ ಶಿವಸೇನೆಯ ಶಾಸಕರು ಸೂರತಿಗೆ, ಅಲ್ಲಿಂದ ಗುವಾಹಟಿಗೆ ಹಾರಿದರು. ಅಸ್ಸಾಮಿನಲ್ಲಿ ಆಗ ನೆರೆ. ಸಾಂಗೋಲೆಯ ಶಾಸಕ ಶಹಾಜಿ ಪಾಟೀಲರು ಅಲ್ಲಿಯ ಗಿಡಮರ, ಗುಡ್ಡ, ಹೋಟೆಲುಗಳನ್ನು ಫೋನಿನಲ್ಲಿ ಹೊಗಳಿದ್ದು ಹೊರಬಿದ್ದು ಹಾಡಾಯಿತು. ಚಹಾ ಕೊಡುವ ಹುಡುಗನ ಬಾಯಲ್ಲಿಯೂ ಅದೇ ಹಾಡು. ಹೊಸ ಸರಕಾರ ಬಂದ ಮೇಲೆ ಇಬ್ಬರೇ ಸೇರಿ 40 ದಿನ ಮಹಾರಾಷ್ಟ್ರವನ್ನು ನಡೆಸಿದರು. ಅದರ ಮೇಲೆ ಯಾರೂ ಹಾಡು ಕಟ್ಟಲಿಲ್ಲ.

ನಾವು ಆಟ ಬೇಡವೆನ್ನುವ ಸನ್ಯಾಸಿಗಳಲ್ಲ. ವರ್ಷಕ್ಕೊಮ್ಮೆ ಮೇಳ ಬಂದರೆ ಧಣಿಯ ಬೈಗುಳ ತಿಂದಾದರೂ ರಾತ್ರಿಯಿಡೀ ಕೂರುವವರು. ಆದರೆ ಬಯಲಾಟದಲ್ಲಿ ಬೆಳಗಾಯಿತೆಂದರೆ ಮಂಗಳ ಹಾಡುತ್ತಾರೆ. ವೇಷಧಾರಿ ಚೌಕಿಗೆ ಹೋಗಿ ಕಿರೀಟ ಬಿಚ್ಚಿಡುತ್ತಾನೆ. ರಾವಣ ಗೆದ್ದರೂ ಸೋತರೂ ನಮ್ಮ ಪ್ರಾವಿಡೆಂಟ್ ಫಂಡಿಗೆ ಏನೂ ಆಗದು. ಈ ಆಟದಲ್ಲಿ ಕಿರೀಟವೂ ನಿಜ, ಕತ್ತಿಯೂ ನಿಜ.

ಆ ಕತ್ತಿ ನಮಗೆ ತಾಗಿದ್ದು 2020ರ ಸೆಪ್ಟೆಂಬರಿನಲ್ಲಿ. ಸಿನಿಮಾ ನಟನೊಬ್ಬನ ಸಾವಿನ ಮೇಲೆ ಟೀವಿಯವರು ಹಗಲಿರುಳು ಕಿರುಚುತ್ತಿದ್ದರು. ಯಾವ ನಟಿಯ ವಿಚಾರಣೆ ಎಂದು ಎಂಬುದೇ ದೇಶದ ಪ್ರಶ್ನೆಯಾಗಿತ್ತು. ಅದೇ ತಿಂಗಳ 22 ಮತ್ತು 23ರಂದು ಮೂರು ಕಾರ್ಮಿಕ ಸಂಹಿತೆಗಳು ಪಾರ್ಲಿಮೆಂಟಿನಲ್ಲಿ ಪಾಸಾದವು. ರಾಜ್ಯಸಭೆಯಲ್ಲಿ ವಿರೋಧಪಕ್ಷದವರು ಬಹಿಷ್ಕಾರ ಹಾಕಿ ಹೊರಗಿದ್ದರು. ಕಾರ್ಖಾನೆ ಮುಚ್ಚಲು ಮೊದಲು 100 ಜನರಿದ್ದರೆ ಸರಕಾರದ ಅನುಮತಿ ಬೇಕಿತ್ತು. ಅದು 300ಕ್ಕೆ ಏರಿತು. ಮುಷ್ಕರಕ್ಕೆ 14 ದಿನದ ಮುಂಚಿನ ನೋಟೀಸು ಎಲ್ಲ ಉದ್ದಿಮೆಗಳಿಗೂ ಬಂದಿತು. ಗಿರಣಿ ಮುಚ್ಚುವುದೆಂದರೆ ಏನೆಂದು ಪರೇಲು, ಲಾಲಬಾಗಿನ ನಮ್ಮ ಹಿರಿಯರನ್ನು ಕೇಳಿರಿ. 2025ರ ನವೆಂಬರ್ 21ರಿಂದ ಆ ಸಂಹಿತೆಗಳು ಜಾರಿಗೆ ಬಂದಿವೆ. ಆ ಎರಡು ದಿನ ಯಾವ ಟೀವಿಯೂ ನಮ್ಮ ಮನೆಯ ಮಾತನ್ನು ನಟಿಯ ಮಾತಿನಷ್ಟು ಹೊತ್ತು ಆಡಲಿಲ್ಲ.

ಸಾಂಗೋಲೆಯ ಕಥೆಗೆ ಇನ್ನೊಂದು ಬದಿಯಿದೆ. ಅದೇ ಕ್ಷೇತ್ರದಿಂದ ಶೇತಕರಿ ಕಾಮಗಾರ ಪಕ್ಷದ ಗಣಪತರಾವ ದೇಶಮುಖರು 11 ಸಲ ಆರಿಸಿಬಂದಿದ್ದರು. ಎಸ್.ಟಿ. ಬಸ್ಸಿನಲ್ಲಿ ಓಡಾಡುತ್ತಿದ್ದ ಮನುಷ್ಯ, 2021ರಲ್ಲಿ ತೀರಿಕೊಂಡರು. ಮುಂಬಯಿಯಲ್ಲಿ ಅವರ ಮುಖ ಗುರುತಿಸುವವರು ಎಷ್ಟು ಮಂದಿ? 2024ರ ಚುನಾವಣೆಯಲ್ಲಿ ಹಾಡಿನ ಶಾಸಕರನ್ನು ಸೋಲಿಸಿ ಸಾಂಗೋಲೆಯ ಜನ ಆರಿಸಿದ್ದು ಆ ದೇಶಮುಖರ ಮೊಮ್ಮಗನನ್ನು.

ನಮ್ಮಲ್ಲಿ ಬಹಳ ಮಂದಿಯ ಮತ ಇಂದಿಗೂ ಊರಿನಲ್ಲಿಯೇ ಇದೆ. ಚುನಾವಣೆ ಬಂದಾಗ ಉಮೇದುವಾರರ ಕಡೆಯವರು ಬಸ್ಸು ಗೊತ್ತುಮಾಡಿ, ಊಟ ಕಟ್ಟಿಸಿ, ನಮ್ಮನ್ನು ಕರೆದೊಯ್ಯಲು ಬರುತ್ತಾರೆ. ಮುಂದಿನ ಸಲ ಬಂದವರೊಡನೆ ಹತ್ತುವ ಮೊದಲು ಕೇಳಿರಿ: ನಿಮ್ಮ ಉಮೇದುವಾರನು ಗೆದ್ದ ಮೇಲೆ ಐದು ವರ್ಷ ಕ್ಷೇತ್ರದಲ್ಲಿ ಇರುತ್ತಾನೋ ಹೋಟೆಲಿನಲ್ಲಿ ಇರುತ್ತಾನೋ? ಮುನ್ನೂರರ ಗೆರೆಯ ವಿಷಯದಲ್ಲಿ ಅವನ ಮಾತೇನು? ಉತ್ತರವನ್ನು ಬರೆಸಿಕೊಂಡು, ಅವನ ಸಹಿ ಹಾಕಿಸಿ, ಸಂಘದ ಆಫೀಸಿಗೆ ತಂದುಕೊಡಿರಿ. ನಾವು ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.