ಲ್ಯಾಪ್‌ಟಾಪ್ ಬದಲಿಸುವ ಮುನ್ನ ಲೆವೆಲ್ ನೋಡಿ

ಕೌಂಟರ್-ಸ್ಟ್ರೈಕ್ ಆಡದ ಎಂಜಿನಿಯರಿಂಗ್ ಹಾಸ್ಟೆಲ್ ಹುಡುಕುವುದು ಕಷ್ಟ. ಅದರ ಪ್ರಸಿದ್ಧ ‘ಡಸ್ಟ್’ ಲೆವೆಲ್ 1999ರಲ್ಲಿ ಬಂದಾಗ, ಅದನ್ನು ರೂಪಿಸಿದ ಡೇವ್ ಜಾನ್ಸ್‌ಟನ್ ಇನ್ನೂ ಹದಿಹರೆಯದ ಹುಡುಗ. ಆಟವಾಡುವ ನಮ್ಮಲ್ಲಿ ಅನೇಕರಿಗೂ ಸ್ವಂತ ಲೆವೆಲ್ ಕಟ್ಟುವ ಆಸೆ ಇದೆ. ಆದರೆ ಶುರು ಮಾಡಿದ ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಕಾರಣ ಕೇಳಿದರೆ ಒಂದೇ ಮಾತು: ‘ಕಂಪೈಲ್ ಆಗೋಕೆ ಗಂಟೆಗಟ್ಟಲೆ ಬೇಕು ಮಾರಾಯ, ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗಲ್ಲ.’

ಈ ದೂರನ್ನು ನಾನು ಒಪ್ಪುವುದಿಲ್ಲ. ತಡವಾಗುವುದಕ್ಕೆ ಬಹಳ ಸಲ ಲ್ಯಾಪ್‌ಟಾಪ್ ಕಾರಣವಲ್ಲ, ನಾವು ಅದಕ್ಕೆ ಹೊರಿಸುವ ಅನಗತ್ಯ ಲೆಕ್ಕ ಕಾರಣ.

2004ರ ‘ಹಾಫ್-ಲೈಫ್ 2’ ಗೇಮ್‌ನ ಸೋರ್ಸ್ ಎಂಜಿನ್ನನ್ನೇ ನೋಡಿ. ಹ್ಯಾಮರ್ ಎಡಿಟರ್‌ನಲ್ಲಿ ಕಟ್ಟಿದ ಲೆವೆಲ್ ಮೂರು ಹಂತಗಳಲ್ಲಿ ಕಂಪೈಲ್ ಆಗುತ್ತದೆ. ವಿಬಿಎಸ್‌ಪಿ ಜಾಗವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಕತ್ತರಿಸುತ್ತದೆ. ವಿವಿಸ್, ಯಾವ ಭಾಗದಿಂದ ಯಾವ ಭಾಗ ಕಾಣುತ್ತದೆ ಎಂದು ಲೆಕ್ಕ ಹಾಕುತ್ತದೆ. ವಿರಾಡ್ ಗೋಡೆ, ನೆಲಗಳ ಮೇಲೆ ಬೀಳುವ ಬೆಳಕನ್ನು ಲೆಕ್ಕ ಹಾಕುತ್ತದೆ. ಇವೆಲ್ಲ ಪ್ರೊಸೆಸರ್ ಮಾಡುವ ಕೆಲಸ. ಇದಕ್ಕಾಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ದುಡ್ಡು ಖರ್ಚಾಗುತ್ತದೆ, ಕಾಯುವುದು ತಪ್ಪುವುದಿಲ್ಲ.

ಮೊದಲ ತೊಡಕು ವಿವಿಸ್‌ನಲ್ಲಿ. ಲೆವೆಲ್‌ನಲ್ಲಿ 1,000 ಭಾಗಗಳಿದ್ದರೆ ಸುಮಾರು 5 ಲಕ್ಷ ಜೋಡಿಗಳಾಗುತ್ತವೆ. 2,000 ಆದರೆ ಸುಮಾರು 20 ಲಕ್ಷ. ಭಾಗ ಎರಡು ಪಟ್ಟು, ಜೋಡಿ ನಾಲ್ಕು ಪಟ್ಟು! ಒಂದು ಕಂಬ, ನಾಲ್ಕು ಮೆಟ್ಟಿಲು, ಒಂದು ಪೈಪು ಕೂಡ ಸುತ್ತಲಿನ ಜಾಗವನ್ನು ಕತ್ತರಿಸಿ ಭಾಗಗಳನ್ನು ಹೆಚ್ಚಿಸುತ್ತವೆ. ಇವು ದೃಷ್ಟಿಗೆ ಅಡ್ಡವಾಗುವುದು ಅಷ್ಟರಲ್ಲೇ ಇದೆ. ಇಂಥವನ್ನು ‘ಫಂಕ್-ಡೀಟೇಲ್’ ಮಾಡಿದರೆ ವಿವಿಸ್ ಇವುಗಳ ಗೊಡವೆಗೆ ಹೋಗುವುದಿಲ್ಲ. ಲೆವೆಲ್ಲನ್ನು ಮುಚ್ಚುವ ಹೊರಗೋಡೆ, ನೆಲ, ಸೂರನ್ನು ಮಾತ್ರ ಹಾಗೆ ಮಾಡಬಾರದು.

ಎರಡನೆಯದು ಸೋರಿಕೆ. ಲೆವೆಲ್ ನೀರಿನ ತೊಟ್ಟಿಯಂತೆ ಭದ್ರವಾಗಿರಬೇಕು. ಬಿರುಕಿದ್ದರೆ ವಿವಿಸ್ ನಡೆಯುವುದೇ ಇಲ್ಲ. ಕೆಲವರು ಬಿರುಕು ಹುಡುಕುವ ಬದಲು ಇಡೀ ಲೆವೆಲ್ ಸುತ್ತ ಆಕಾಶದ ದೊಡ್ಡ ಪೆಟ್ಟಿಗೆ ಕಟ್ಟಿಬಿಡುತ್ತಾರೆ. ಆಗ ಆಟಗಾರ ಎಂದೂ ನೋಡದ ಗೋಡೆಗಳ ಹೊರಮೈಗೂ ಬೆಳಕಿನ ಲೆಕ್ಕ ನಡೆಯುತ್ತದೆ. ಬಿರುಕಿನ ತನಕ ಕೆಂಪು ಗೆರೆ ಎಳೆದು ತೋರಿಸುವ ಸೌಲಭ್ಯ ಹ್ಯಾಮರ್‌ನಲ್ಲೇ ಇದೆ.

ಮೂರನೆಯದು ಬೆಳಕು. ಗೋಡೆಯ ಮೇಲೆ ಎಷ್ಟು ಅಂತರಕ್ಕೊಂದು ಬಿಂದುವಿನಲ್ಲಿ ಬೆಳಕು ಅಳೆಯಬೇಕೆಂಬುದನ್ನು ಲೈಟ್‌ಮ್ಯಾಪ್ ಸ್ಕೇಲ್ ಹೇಳುತ್ತದೆ. ಮೊದಲೇ ಇರುವ ಮೌಲ್ಯ 16. 512 ಯೂನಿಟ್ ಉದ್ದಗಲದ ಗೋಡೆಗೆ ಸುಮಾರು 1,024 ಬಿಂದುಗಳು. ಅದನ್ನು 32 ಮಾಡಿದರೆ ಸುಮಾರು 256 ಸಾಕು. ನೆರಳು ಎದ್ದು ಕಾಣುವ ಕಡೆ 16 ಇರಲಿ. ಎತ್ತರದ ಸೂರು, ದೂರದ ಗೋಡೆಗೆ ಅಷ್ಟು ಸೂಕ್ಷ್ಮತೆ ಬೇಕೇ?

ಇನ್ನು ಪರೀಕ್ಷೆಗೆಂದು ಕಂಪೈಲ್ ಮಾಡುವಾಗ ವಿವಿಸ್, ವಿರಾಡ್ ಎರಡನ್ನೂ ‘ಫಾಸ್ಟ್’ನಲ್ಲಿ ಓಡಿಸಿ. ಒಂದೇ ಕೋಣೆ ನೋಡಬೇಕಿದ್ದರೆ ‘ಕಾರ್ಡನ್’ ಹಾಕಿ, ಅಷ್ಟೇ ಭಾಗ ಕಂಪೈಲ್ ಆಗುತ್ತದೆ. ಪೂರ್ಣ ಗುಣಮಟ್ಟದ ಕಂಪೈಲ್ ಬೇಕಿರುವುದು ಲೆವೆಲ್ಲನ್ನು ಬೇರೆಯವರ ಕೈಗೆ ಕೊಡುವಾಗ. ಅದನ್ನು ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರಾಯಿತು.

ಇಷ್ಟೊಂದು ಹೇಳಲು ಕಾರಣವಿದೆ. ಒಂದು ಕಂಪೈಲ್‌ಗೆ ಎರಡು ಗಂಟೆ ಹಿಡಿದರೆ ಸಂಜೆ ಆರರಿಂದ ಹತ್ತರವರೆಗೆ ಎರಡೇ ಪ್ರಯತ್ನ. ಹತ್ತು ನಿಮಿಷ ಹಿಡಿದರೆ, ತಿದ್ದುವುದಕ್ಕೆ ಇನ್ನು ಹತ್ತು ನಿಮಿಷ ಸೇರಿಸಿಕೊಂಡರೂ ಹನ್ನೆರಡು. ಬಾಗಿಲು ಎಲ್ಲಿರಬೇಕು, ಮರೆ ಎಲ್ಲಿ ಬೇಕು ಎಂಬುದು ಆಡಿ, ತಿದ್ದಿ, ಮತ್ತೆ ಆಡಿದಾಗಲೇ ತಿಳಿಯುವುದು. ಆಟ ಕಲಿಸುವ ಪಾಠ ಇರುವುದು ಈ ಪ್ರಯತ್ನಗಳ ಸಂಖ್ಯೆಯಲ್ಲಿ.

ಸಂದರ್ಶನಕ್ಕೂ ಇದು ದಾರಿ. ‘ಗೇಮಿಂಗ್‌ನಲ್ಲಿ ಆಸಕ್ತಿ ಇದೆ’ ಎಂದು ರೆಸ್ಯೂಮೆಯಲ್ಲಿ ಎಲ್ಲರೂ ಬರೆಯಬಹುದು. ಆಡಬಹುದಾದ ಒಂದು ಲೆವೆಲ್, ಅದರ ಕಂಪೈಲ್ ಸಮಯವನ್ನು ಎಷ್ಟರಿಂದ ಎಷ್ಟಕ್ಕೆ ಇಳಿಸಿದಿರಿ, ಹೇಗೆ ಎಂಬ ವಿವರ ಇದ್ದರೆ ಅದರ ತೂಕವೇ ಬೇರೆ. ಸಿಲಬಸ್‌ನಲ್ಲಿ ಓದುವ ಅಲ್ಗಾರಿದಂನ ಸಂಕೀರ್ಣತೆ ಎಂದರೆ ಇದೇ ಅಲ್ಲವೇ?

ಅಪ್ಪ-ಅಮ್ಮನ ಹತ್ತಿರ ಹೊಸ ಲ್ಯಾಪ್‌ಟಾಪ್ ಕೇಳುವ ಮುನ್ನ ಕಂಪೈಲ್ ಲಾಗ್ ಒಮ್ಮೆ ತೆರೆಯಿರಿ. ಯಾವ ಹಂತ ಎಷ್ಟು ಹೊತ್ತು ತಿಂದಿದೆ ಎಂದು ಅದರಲ್ಲಿ ಬರೆದಿರುತ್ತದೆ. ಕೆಲಸ ಅಲ್ಲಿಂದ ಶುರುವಾಗಲಿ.