ಮಕ್ಕಳ ಮಾತೂ ಹಿರಿಯರ ನಗೆಯೂ

ಮಾತು ಕಲಿಯುತ್ತಿರುವ ಮಗುವೊಂದು ಮನೆಯಲ್ಲಿದ್ದರೆ ಆ ಮನೆಗೆ ಬೇರೆ ವಿನೋದ ಬೇಕಾಗುವುದಿಲ್ಲ. ಇಪ್ಪತ್ತೊಂಬತ್ತರವರೆಗೆ ತಪ್ಪಿಲ್ಲದೆ ಎಣಿಸಿ ಬಂದ ಮಗು ಒಂದು ಕ್ಷಣ ತಡೆದು, ಬಹಳ ಗಂಭೀರವಾಗಿ "ಇಪ್ಪತ್ಹತ್ತು" ಎನ್ನುವುದು. "ನಾಳೆ ಅಜ್ಜಿ ಬಂದಿದ್ದರಲ್ಲ!" ಎಂದು ನಮಗೇ ನೆನಪು ಮಾಡಿಕೊಡುವುದು. ಒಂದೇ ದೋಸೆ ಹಾಕಿದರೆಂದು ಅಳುತ್ತಿದ್ದದ್ದು, ಅದನ್ನೇ ತಾಯಿ ಎರಡು ತುಂಡು ಮಾಡಿಕೊಟ್ಟೊಡನೆ ಎರಡು ದೊರೆತುವೆಂದು ತೃಪ್ತಿಯಿಂದ ತಿನ್ನತೊಡಗುವುದು. ಇಂಥ ಸಂಗತಿಗಳನ್ನು ಬಂಧುಬಳಗಕ್ಕೆಲ್ಲ ಹೇಳಿ ಹೇಳಿ ನಕ್ಕು ಸಂತೋಷಪಡುವುದು ಲೋಕರೂಢಿ. ಆ ಸಂತೋಷಕ್ಕೆ ಅಡ್ಡಬರುವ ಉದ್ದೇಶ ನಮಗಿಲ್ಲ. ಆದರೆ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ನಗೆಯ ವಿಷಯದಲ್ಲಿ ಒಂದು ದೂರು ಉಂಟು. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೊದಲು ಆ "ಇಪ್ಪತ್ಹತ್ತ"ನ್ನೇ ತೆಗೆದುಕೊಳ್ಳೋಣ. ಈ ಶಬ್ದವನ್ನು ಮಗುವಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಹಿರಿಯರ ಬಾಯಿಂದ ಅದು ಎಂದೂ ಹೊರಟದ್ದಲ್ಲ. ಮಗುವಿನ ಎಣಿಕೆ ಬರಿಯ ಗಿಣಿಪಾಠವಾಗಿದ್ದ ಪಕ್ಷದಲ್ಲಿ ಇಂಥ ಶಬ್ದ ಹುಟ್ಟುತ್ತಲೇ ಇರಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎಂಬ ಮಾತುಗಳು ಹೇಗೆ ಕಟ್ಟಿಕೊಂಡಿವೆಯೆಂಬುದನ್ನು ಅದು ತಾನಾಗಿಯೇ ಕಂಡುಕೊಂಡು, ಆ ನಿಯಮವನ್ನು ಒಂದು ಹೆಜ್ಜೆ ಮುಂದಕ್ಕೊಯ್ದಿದೆ. "ಮಾಡಿದೆ, ಓಡಿದೆ" ಎಂಬುವನ್ನು ಕೇಳಿದ ಮಗು "ಕೊಟ್ಟೆ" ಎನ್ನುವ ಬದಲು "ಕೊಡಿದೆ" ಎನ್ನುವುದೂ ಹೀಗೆಯೇ. ಲೆಕ್ಕದ ದೃಷ್ಟಿಯಿಂದ ಇಪ್ಪತ್ತಕ್ಕೆ ಹತ್ತು ಸೇರಿಸಿ ಹೇಳುವುದರಲ್ಲಿ ದೋಷವೇನೂ ಇಲ್ಲ. ಫ್ರೆಂಚರು ಎಪ್ಪತ್ತನ್ನು "ಅರವತ್ತು-ಹತ್ತು" ಎಂದೇ ಕರೆಯುತ್ತಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ.

ಮಕ್ಕಳ ಇಂಥ ನುಡಿಗಳನ್ನು ವಿಜ್ಞಾನಿಯೊಬ್ಬನು ಹೇಗೆ ಕಂಡನೆಂಬುದಕ್ಕೆ ಚಾರ್ಲ್ಸ್ ಡಾರ್ವಿನ್ನನು ಒಳ್ಳೆಯ ನಿದರ್ಶನ. 1839ರ ಡಿಸೆಂಬರಿನಲ್ಲಿ ಹುಟ್ಟಿದ ತನ್ನ ಮೊದಲ ಮಗನ ನಡೆನುಡಿಗಳನ್ನು ಅವನು ಕ್ರಮವಾಗಿ ಬರೆದಿಟ್ಟಿದ್ದನು. ಆ ಟಿಪ್ಪಣಿಗಳ ಆಧಾರದಿಂದ 1877ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಸರಿಯಾಗಿ ಒಂದು ವರ್ಷ ತುಂಬಿದಾಗ ಆ ಕೂಸು ಊಟಕ್ಕೆ "ಮಮ್" ಎಂಬ ಹೆಸರನ್ನು ತಾನೇ ಕಲ್ಪಿಸಿಕೊಂಡಿತಂತೆ. ಮುಂದೆ ಸಕ್ಕರೆ "ಷು-ಮಮ್" ಆಯಿತು. "ಕಪ್ಪು" ಎಂಬರ್ಥದ "ಬ್ಲ್ಯಾಕ್" ಶಬ್ದವನ್ನು ಕಲಿತ ಮೇಲೆ ಅತಿಮಧುರದ ಕರಿಯ ಮಿಠಾಯಿಗೆ "ಬ್ಲ್ಯಾಕ್-ಷು-ಮಮ್" ಎಂಬ ಹೆಸರು ಬಂದಿತು. ಕಪ್ಪು, ಸಕ್ಕರೆ, ಊಟ: ಪ್ರಾಣಿಸಸ್ಯಗಳಿಗೆ ಹೆಸರಿಡುವವರೂ ಇದಕ್ಕಿಂತ ಕ್ರಮವಾಗಿ ಇಡಲಾರರು. (ಕನ್ನಡ ತಾಯಂದಿರ "ಮಮ್ಮು" ಇಂಗ್ಲೆಂಡಿನ ಆ ತೊಟ್ಟಿಲಲ್ಲಿಯೂ ಹುಟ್ಟಿಕೊಂಡಿತೆಂಬುದನ್ನು ಓದಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.) ಡಾರ್ವಿನ್ನನೂ ಮಗನ ಮಾತಿಗೆ ನಕ್ಕಿರಬೇಕು. ಆದರೆ ನಕ್ಕು ಬಿಟ್ಟುಬಿಡಲಿಲ್ಲ.

ಈಗ ನಮ್ಮ ಬೀದಿಯಲ್ಲೇ ನಡೆದ ಒಂದು ಸಂಗತಿ. ನಾಲ್ಕು ವರ್ಷದ ಬಾಲಕಿಯೊಬ್ಬಳು ಫ್ರಿಜ್ಜಿನಿಂದ ಒಂದು ತುಂಡು ಮಂಜುಗಡ್ಡೆಯನ್ನು ತೆಗೆದು, ಅಜ್ಜಿಯ ಉಣ್ಣೆಯ ಶಾಲಿನಲ್ಲಿ ಚೆನ್ನಾಗಿ ಸುತ್ತಿ, ಮೂಲೆಯಲ್ಲಿ ಮಲಗಿಸಿದ್ದಳು. "ಇದೇನೇ ಇದು?" ಎಂದರೆ, "ಪಾಪ, ಅದಕ್ಕೆ ತುಂಬಾ ಚಳಿ ಅಜ್ಜಿ, ಮುಟ್ಟಿ ನೋಡು" ಎಂಬ ಉತ್ತರ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. "ಅಯ್ಯೋ ಹುಚ್ಚು ಹುಡುಗಿ, ಶಾಲು ಬೆಚ್ಚಗಿರುತ್ತೆ ಕಣೇ, ನಿನ್ನ ಐಸು ಕರಗಿಹೋಗುತ್ತೆ" ಎಂದು ಅಜ್ಜಿ ಶಾಲನ್ನು ಬಿಡಿಸಿಕೊಂಡರು. ಸುದ್ದಿ ಸಂಜೆಯೊಳಗೆ ನಮ್ಮವರೆಗೂ ಬಂದಿತು.

ವಾಚಕರು ದಯವಿಟ್ಟು ಗಮನಿಸಬೇಕು: ಇಲ್ಲಿ ಭೌತವಿಜ್ಞಾನದ ದೃಷ್ಟಿಯಿಂದ ತಪ್ಪಿದವರು ಹಿರಿಯರು. ಶಾಲಿನಲ್ಲಿ ಶಾಖವೆಂಬುದಿಲ್ಲ. ಇದ್ದಿದ್ದರೆ ಬೀರುವಿನಲ್ಲಿ ಮಡಿಸಿಟ್ಟ ಶಾಲು ಬಿಸಿಯಾಗಿರಬೇಕಾಗಿತ್ತು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಆಚೀಚೆ ಹೋಗಗೊಡುವುದಿಲ್ಲ; ಅಷ್ಟೇ ಅದರ ಕೆಲಸ. ನಮ್ಮ ಮೈಯ ಶಾಖ ಹೊರಕ್ಕೆ ಹೋಗದಂತೆ ತಡೆಯುವ ಶಾಲು, ಹೊರಗಿನ ಶಾಖ ಮಂಜುಗಡ್ಡೆಯೊಳಕ್ಕೆ ಬಾರದಂತೆಯೂ ತಡೆಯುವುದು. ಶಾಲಿನಲ್ಲಿ ಸುತ್ತಿದ ತುಂಡು ಬರಿಯ ತಟ್ಟೆಯಲ್ಲಿಟ್ಟ ತುಂಡಿಗಿಂತ ಹೆಚ್ಚು ಹೊತ್ತು ಬಾಳುವುದು. ಮಂಜುಗಡ್ಡೆಯ ವ್ಯಾಪಾರಿಗಳಿಗೆ ಇದು ಹಳೆಯ ವಿದ್ಯೆ. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಬಾಸ್ಟನ್ನಿನಿಂದ ಕಲ್ಕತ್ತೆಗೆ ಸುಮಾರು 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಳಿಸಿದನು. ಶಾಖವನ್ನು ತಡೆಯುವ ಹೊದಿಕೆಯ ಬಲದಿಂದಲೇ, ನಾಲ್ಕು ತಿಂಗಳ ಪ್ರಯಾಣದ ನಂತರವೂ ಸುಮಾರು 100 ಟನ್ ಉಳಿದು ದಡ ಸೇರಿತು. ಬಾಲಕಿಯ ಕಾರಣ ತಪ್ಪೇ ಆಗಿರಬಹುದು, ಆದರೆ ಅವಳ ಕಾರ್ಯ ಸರಿ. ಅಜ್ಜಿಯವರ ಕಾರಣವೂ ತಪ್ಪು, ಕಾರ್ಯವೂ ತಪ್ಪು! ಎರಡು ತಟ್ಟೆ, ಎರಡು ಸಮನಾದ ತುಂಡು, ಒಂದು ಶಾಲು, ಅರ್ಧ ಗಂಟೆಯ ಕಾಲ. ಇಷ್ಟಿದ್ದಿದ್ದರೆ ಆ ಮನೆಯಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆದುಹೋಗುತ್ತಿತ್ತು. ನಡೆದದ್ದು ನಗೆ ಮಾತ್ರ.

ಚಂದ್ರನ ವಿಷಯವೂ ಇಂಥದೇ. "ಅಪ್ಪಾ, ಚಂದ್ರ ನಮ್ಮ ಜೊತೆಗೇ ಬರ್ತಾ ಇದಾನೆ!" ಎಂದು ಬಸ್ಸಿನ ಕಿಟಕಿಯಿಂದ ಕೂಗದ ಮಗು ಇದೆಯೆ? ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಮಕ್ಕಳನ್ನು ಕೂರಿಸಿಕೊಂಡು ಚಂದ್ರ, ಗಾಳಿ, ಕನಸು ಮುಂತಾದುವುಗಳ ಬಗ್ಗೆ ಪ್ರಶ್ನಿಸಿ, ಅವರ ಉತ್ತರಗಳನ್ನು 1926ರಲ್ಲಿಯೂ 1927ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಸಂಗ್ರಹಿಸಿದರು. ಅಲ್ಲಿಯ ಮಕ್ಕಳಿಗೂ ಚಂದ್ರನು ಹಿಂಬಾಲಿಸುವವನೇ. ಗಾಳಿ ಹುಟ್ಟುವುದು ಮರಗಳು ಅಲ್ಲಾಡುವುದರಿಂದಲೇ. ಈ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಮಗುವಿನ ಮೇಲೆ ಗೌರವ ಹೆಚ್ಚುವುದು. ದಾರಿಯ ಪಕ್ಕಕ್ಕೆ 20 ಮೀಟರು ದೂರದಲ್ಲಿ ಒಂದು ತೆಂಗಿನ ಮರವಿದೆಯೆನ್ನಿ. ಅದರ ನೇರಕ್ಕೆ ನಿಂತು, ಅಲ್ಲಿಂದ 20 ಮೀಟರು ಮುಂದೆ ನಡೆದರೆ ಮರ 45 ಡಿಗ್ರಿಯಷ್ಟು ಹಿಂದಕ್ಕೆ ಸರಿದುಬಿಡುವುದು. ಚಂದ್ರನಾದರೋ ಸುಮಾರು 3,84,000 ಕಿಲೋಮೀಟರು ದೂರದಲ್ಲಿದ್ದಾನೆ. ನಾವು ಇಡೀ ಒಂದು ಕಿಲೋಮೀಟರು ನಡೆದರೂ ಅವನು ಸರಿದಂತೆ ತೋರುವುದು ಅವನದೇ ಅಗಲದ ಸುಮಾರು 3,500ರಲ್ಲಿ ಒಂದು ಪಾಲಿನಷ್ಟು. ಯಾವ ಕಣ್ಣಿಗೂ ಅದು ಕಾಣದು. ಮನೆ, ಮರ, ಗುಡ್ಡಗಳೆಲ್ಲ ಹಿಂದೆ ಉಳಿಯುತ್ತಿರುವಾಗ ಉಳಿಯದೆ ಇರುವವನೊಬ್ಬನು ಜೊತೆಗೆ ಬರುತ್ತಿದ್ದಾನೆಂದು ತೀರ್ಮಾನಿಸದೆ ಮಗು ಇನ್ನೇನು ತೀರ್ಮಾನಿಸಬೇಕು? ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ವಿಜ್ಞಾನಿ ಹಿಪ್ಪಾರ್ಕಸನು ಚಂದ್ರನ ದೂರವನ್ನು ಲೆಕ್ಕ ಹಾಕಿದ್ದು ಕೂಡ, ನೋಡುವ ಸ್ಥಳ ಬದಲಾದಾಗ ಅವನು ಸರಿದಂತೆ ತೋರುವುದೆಷ್ಟು ಎಂಬುದನ್ನು ಹಿಡಿದೇ. ಮಗುವಿಗೆ ಈ ಲೆಕ್ಕವನ್ನೆಲ್ಲ ಹೇಳಬೇಕಾಗಿಲ್ಲ. "ನೀನು ಆ ಕಡೆ, ನಿನ್ನ ಅಕ್ಕ ಈ ಕಡೆ ಹೋದರೆ ಚಂದ್ರ ಯಾರ ಜೊತೆ ಬರುತ್ತಾನೆ?" ಎಂದು ಕೇಳಿ ಸುಮ್ಮನಿದ್ದರೆ ಸಾಕು. ಮಿಕ್ಕ ಕೆಲಸವನ್ನು ಅದೇ ಮಾಡಿಕೊಳ್ಳುವುದು.

ಮಕ್ಕಳ ಮಾತೆಲ್ಲವೂ ಹೀಗೆ ವಿಚಾರಗರ್ಭಿತವೆಂದು ಸಾಧಿಸಹೊರಟಿಲ್ಲ. ಎಷ್ಟೋ ಮಾತು ಬರಿಯ ಆಟ. ಕೆಲವು ಬರಿಯ ಹಟ. ಹಾಗಾದರೆ ನಗಲೇಬಾರದೆ ಎಂದು ಕೇಳುವವರಿಗೆ, ಧಾರಾಳವಾಗಿ ನಗಿರಿ ಎಂದೇ ನಮ್ಮ ಉತ್ತರ. ನಮ್ಮ ದೂರು ಇರುವುದು ನಗೆಯಿಂದ ಮಾತುಕತೆ ಅಲ್ಲಿಗೇ ಮುಗಿದುಹೋಗುವುದರ ಮೇಲೆ. ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ. ಮಗು ವಿಚಿತ್ರವಾದದ್ದೇನನ್ನೋ ಹೇಳಿದೊಡನೆ ಮೊಬೈಲ್ ಫೋನು ಹೊರಬರುವುದು. "ಇನ್ನೊಂದು ಸಲ ಹೇಳು ಪುಟ್ಟಾ, ಅತ್ತೆಗೆ ಕಳಿಸೋಣ" ಎಂಬ ಒತ್ತಾಯ ಮೊದಲಾಗುವುದು. ಎರಡನೆಯ ಸಲ ಹೇಳುವಾಗ ಮಗು ಚಂದ್ರನನ್ನು ನೋಡುತ್ತಿರುವುದಿಲ್ಲ, ಫೋನನ್ನು ನೋಡುತ್ತಿರುತ್ತದೆ. ತನ್ನ ಪ್ರಶ್ನೆಗೆ ಬೆಲೆಯಿಲ್ಲ, ಅದನ್ನು ಹೇಳುವ ಸೊಗಸಿಗೆ ಮಾತ್ರ ಬೆಲೆ ಎಂಬುದನ್ನು ಕಲಿಯಲು ಅದಕ್ಕೆ ಬಹಳ ಕಾಲ ಹಿಡಿಯದು. ಇನ್ನು ಕೆಲವು ಮಕ್ಕಳು ಸಂಕೋಚದವರು. ಹತ್ತು ಮಂದಿ ನಕ್ಕರೆಂದರೆ ಅವರು ಮುಂದೆ ಬಾಯಿ ತೆರೆಯುವುದೇ ಇಲ್ಲ.

ಇನ್ನೊಂದು ಕಡೆ, ನಗದೆ ಇದ್ದರೂ ಆತುರದ ಉತ್ತರದಿಂದ ಪ್ರಶ್ನೆಯನ್ನು ಮುಚ್ಚಿಬಿಡುವವರು ಇದ್ದಾರೆ. ಈ ಗುಂಪಿನಲ್ಲಿ ನಮ್ಮ ಉಪಾಧ್ಯಾಯ ವರ್ಗದವರೇ ಹೆಚ್ಚು. "ಭೂಮಿ ಗುಂಡಗಿದೆ" ಎಂದು ಹೇಳಿ ಗೋಳವನ್ನು ತೋರಿಸಿದರೆ ಪಾಠ ಮುಗಿಯಿತೆಂಬುದು ನಂಬಿಕೆ. ಮಗು ಅದನ್ನು ಏನು ಮಾಡಿಕೊಂಡಿತೆಂದು ಕೇಳುವವರಿಲ್ಲ. ಸ್ಟೆಲ್ಲಾ ವೊಸ್ನಿಯಾಡು, ವಿಲಿಯಂ ಬ್ರೂವರ್ ಎಂಬಿಬ್ಬರು ಅಮೆರಿಕದ 60 ಮಕ್ಕಳನ್ನು ಕೇಳಿ 1992ರಲ್ಲಿ ಪ್ರಕಟಿಸಿದ ಉತ್ತರಗಳು ಸ್ವಾರಸ್ಯವಾಗಿವೆ. ಕೆಲವು ಮಕ್ಕಳ ಭೂಮಿ ತಟ್ಟೆಯಂತೆ ಗುಂಡಗೆ. ಕೆಲವರದು ಟೊಳ್ಳು ಚೆಂಡು. ಜನರು ಅದರೊಳಗೆ ಚಪ್ಪಟೆಯಾದ ನೆಲದ ಮೇಲೆ ವಾಸಿಸುತ್ತಾರೆ. ಇನ್ನು ಕೆಲವರಿಗೆ ಭೂಮಿಗಳೇ ಎರಡು: ನಾವು ನಿಂತಿರುವುದೊಂದು, ಉಪಾಧ್ಯಾಯರು ಹೇಳುವ ಗುಂಡನೆಯದು ಆಕಾಶದಲ್ಲಿ ಇನ್ನೊಂದು! ಅನಂತರ ಹೈದರಾಬಾದಿನ ಮಕ್ಕಳಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ನೀರಿನ ಮೇಲೆ ನಿಂತ ಭೂಮಿಯೂ ಕಾಣಿಸಿಕೊಂಡಿತು. ಇವು ನಗೆ ಬರಿಸುವ ಉತ್ತರಗಳು, ನಿಜ. ಆದರೆ ಕಾಲ ಕೆಳಗಿನ ನೆಲ ಚಪ್ಪಟೆಯೆಂದು ಕಣ್ಣು ಹೇಳುವುದು, ಗುಂಡಗಿದೆಯೆಂದು ಹಿರಿಯರು ಹೇಳುವುದು. ಎರಡನ್ನೂ ಸುಳ್ಳು ಮಾಡದೆ ಉಳಿಸಿಕೊಳ್ಳಬೇಕಾದರೆ ಇದಕ್ಕಿಂತ ಜಾಣತನದ ದಾರಿ ಯಾವುದುಂಟು?

ಇಂಗ್ಲೆಂಡಿನಲ್ಲಿ ಬಾರ್ಬರಾ ಟಿಜಾರ್ಡ್, ಮಾರ್ಟಿನ್ ಹ್ಯೂಸ್ ಎಂಬುವರು ನಾಲ್ಕು ವರ್ಷದ ಆಸುಪಾಸಿನ ಬಾಲಕಿಯರ ಮಾತುಗಳನ್ನು ಮನೆಯಲ್ಲಿಯೂ ಶಿಶುವಿಹಾರದಲ್ಲಿಯೂ ಧ್ವನಿಮುದ್ರಿಸಿಕೊಂಡು 1984ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮನೆಯಲ್ಲಿ ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದ ಮಕ್ಕಳು ಶಿಶುವಿಹಾರದಲ್ಲಿ ಕೇಳುತ್ತಿದ್ದದ್ದು 2 ಮಾತ್ರ. ನಾಲ್ಕನೆಯ ವಯಸ್ಸಿಗೇ ಇಷ್ಟು ಇಳಿತವಾದರೆ ಹದಿನೇಳನೆಯ ವಯಸ್ಸಿನಲ್ಲಿ ಏನಾಗುವುದು? ಇದಕ್ಕೆ ಉತ್ತರ ಹೇಳಲು ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಪ್ರತಿ ವರ್ಷವೂ ಅರವತ್ತು ಎಪ್ಪತ್ತು ಮಂದಿ ನಮ್ಮ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ನ್ಯೂಟನ್ನನ ಮೂರು ನಿಯಮಗಳನ್ನು ತಡವರಿಸದೆ ಒಪ್ಪಿಸುತ್ತಾರೆ. "ಪ್ರಶ್ನೆಗಳೇನಾದರೂ ಇವೆಯೆ?" ಎಂದರೆ ಮಾತ್ರ ಫ್ಯಾನಿನ ಸದ್ದು ಕೇಳುವುದು.

ಅವರ ತಲೆಯಲ್ಲಿ ಬಾಲ್ಯದ ಭೌತವಿಜ್ಞಾನ ಹಾಗೆಯೇ ಇದೆ. ನಾಚಿಕೆಯಿಂದ ಅಡಗಿಕೊಂಡಿದೆ, ಅಷ್ಟೆ. 1982ರಲ್ಲಿ ಜಾನ್ ಕ್ಲೆಮೆಂಟ್ ಎಂಬ ಅಮೆರಿಕದ ವಿದ್ವಾಂಸರು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಂದು ಸಣ್ಣ ಪ್ರಶ್ನೆ ಕೇಳಿದ ವರದಿಯನ್ನು ಪ್ರಕಟಿಸಿದರು. ಮೇಲಕ್ಕೆ ಚಿಮ್ಮಿದ ನಾಣ್ಯ ಇನ್ನೂ ಏರುತ್ತಿರುವಾಗ ಅದರ ಮೇಲೆ ವರ್ತಿಸುವ ಬಲಗಳಾವುವು? ಗಾಳಿಯ ತಡೆಯನ್ನು ಬಿಟ್ಟರೆ, ಕೆಳಕ್ಕೆಳೆಯುವ ಗುರುತ್ವವೊಂದೇ. ಆದರೆ ಬಹುಮಂದಿ ಮೇಲ್ಮುಖವಾದ ಬಲವೊಂದನ್ನು ಸೇರಿಸಿ ಬರೆದರು. ಚಲನಶಾಸ್ತ್ರದ ಪಾಠವಾದ ಮೇಲೂ ಬಹುಮಂದಿ ಹಾಗೆಯೇ ಬರೆದರು. "ಹೋಗುತ್ತಿರುವುದನ್ನು ಯಾರೋ ತಳ್ಳುತ್ತಿರಬೇಕು" ಎಂಬುದು ಮರದಿಂದ ಗಾಳಿ ಹುಟ್ಟಿಸುವ ಮಗುವಿನ ಮಾತಿಗೆ ದೂರದ್ದೇನೂ ಅಲ್ಲ. ಮಗು ಅದನ್ನು ಬಾಯಿಬಿಟ್ಟು ಹೇಳುವುದು, ಆದುದರಿಂದ ಅದರೊಡನೆ ವಾದಿಸಬಹುದು. ಕಾಲೇಜಿನ ವಿದ್ಯಾರ್ಥಿ ಹೇಳುವುದಿಲ್ಲ. ಪರೀಕ್ಷೆಯಲ್ಲಿ ನಿಯಮವನ್ನು ಬರೆದು ಅಂಕ ಪಡೆದು ಹೋಗುತ್ತಾನೆ.

ಹೋದ ವರ್ಷ ನಮ್ಮ ತರಗತಿಯಲ್ಲಿಯೂ ಇದೇ ಪ್ರಶ್ನೆಯನ್ನಿಟ್ಟು, ಎರಡು ರೂಪಾಯಿಯ ನಾಣ್ಯವೊಂದನ್ನು ಮೇಲಕ್ಕೆಸೆದು ತೋರಿಸಿದೆವು. ಗುರುತ್ವವೊಂದೇ ಎಂಬ ಸರಿಯುತ್ತರ ಮುಂದಿನ ಬೆಂಚಿನಿಂದ ತಕ್ಷಣ ಬಂದಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, "ಸಾರ್, ಮೇಲಕ್ಕೆ ತಳ್ಳುವ ಬಲ ಇಲ್ಲದಿದ್ದರೆ ಅದು ಮೇಲಕ್ಕೆ ಹೋಗುವುದಾದರೂ ಏಕೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅವನನ್ನು ಕುಳಿತುಕೊಳ್ಳಗೊಡದೆ ಮುಂದಕ್ಕೆ ಕರೆದು, ನಾಣ್ಯವನ್ನು ಅವನ ಕೈಗೇ ಕೊಟ್ಟೆವು. ಮುಂದಿನ ಬೆಂಚಿನವರೊಡನೆ ಅವನ ವಾದ ಗಂಟೆ ಹೊಡೆಯುವವರೆಗೂ ನಡೆಯಿತು. ಆ ದಿನದ ಪಾಠ ಮರುದಿನಕ್ಕೆ ಬಿದ್ದಿತು.